ಅತ್ತೆಯವರು ಕಾಯ್ದ ತಾಟು

ಇವತ್ತು ಮುಂಜಾನೆ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದೆ. ಆಚೆಮನೆಯಿಂದ ಹೂರಣದ ವಾಸನೆ ಬಂತು. ಬೆಂದ ಕಡಲೆಬೇಳೆ, ಕರಗುತ್ತಿರುವ ಬೆಲ್ಲ, ಮೇಲೆ ಒಂದು ಚಿಟಿಕೆ ಏಲಕ್ಕಿ. ಶಹಾಪುರದ ನಮ್ಮ ಓಣಿ ಬಹಳ ಇಕ್ಕಟ್ಟು. ಒಬ್ಬರ ಒಲೆಯ ಮೇಲೆ ಏನಿದೆ ಎಂಬುದು ಓಣಿಗೆಲ್ಲ ಗೊತ್ತಾಗುತ್ತದೆ. ನನಗೆ ಸಕ್ಕರೆ ಕಾಯಿಲೆ. ತಿನ್ನುವ ಹಕ್ಕು ಹೋದಮೇಲೆ ಮೂಸುವ ಹಕ್ಕನ್ನು ನಾನು ಬಹಳ ನಿಷ್ಠೆಯಿಂದ ಚಲಾಯಿಸುತ್ತೇನೆ. ನಾಲ್ಕು ಸಲ ಉಸಿರೆಳೆದುಕೊಂಡೆ. ಹೂರಣದ ವಾಸನೆ ಬಂದಾಗಲೆಲ್ಲ ನನಗೆ ನೆನಪಾಗುವವರು ಒಬ್ಬರೇ, ನನ್ನ ಹೆಂಡತಿಯ ತಾಯಿ, ಸುರಪುರದ ನೀಲಮ್ಮನವರು.

ನಮ್ಮ ಕಡೆ ಅತ್ತೆ ಅಳಿಯನೊಡನೆ ನೇರವಾಗಿ ಮಾತಾಡುವ ರೂಢಿ ಕಡಿಮೆ. ಹಳೆಯ ಕಾಲದವರಂತೂ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬಾಗಿಲ ಮರೆಗೆ ನಿಲ್ಲುತ್ತಾರೆ. ನಾನು ಪಂಕ್ತಿಯಲ್ಲಿ ಕೂತಿದ್ದರೆ ನೀಲಮ್ಮನವರು ಮಗಳ ಕಡೆ ತಿರುಗಿ, ಅವರಿಗೆ ಇನ್ನೊಂದು ಹೋಳಿಗೆ ಹಾಕು, ತುಪ್ಪ ಸಾಲದು ನೋಡು ಎನ್ನುತ್ತಿದ್ದರು. ನಾನೂ ಹೆಂಡತಿಯ ಕಡೆ ತಿರುಗಿ ಸಾಕು ಎನ್ನುತ್ತಿದ್ದೆ. ಅಷ್ಟರಲ್ಲಿ ಹೋಳಿಗೆ ತಾಟಿಗೆ ಬಿದ್ದಿರುತ್ತಿತ್ತು. ಇಪ್ಪತ್ತು ವರ್ಷ ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಇಷ್ಟೇ: ಅವರು ಹಾಕಿಸುವುದು, ನಾನು ಉಣ್ಣುವುದು. ನಾನು ಒಂದು ಹೋಳಿಗೆ ಕಡಿಮೆ ತಿಂದ ದಿನ ಅವರು ಮಗಳನ್ನು ಒಳಗೆ ಕರೆದು, ಅವರಿಗೆ ಸಿಟ್ಟು ಬಂದಿದೆಯೇ ಎಂದು ಕೇಳುತ್ತಿದ್ದರಂತೆ.

ಹೀಗಿರುವಾಗ ನನಗೆ ಸಕ್ಕರೆ ಕಾಯಿಲೆ ಬಂತು. ನಾನು ಮಾರ್ಕೆಟ್ ಯಾರ್ಡಿನಲ್ಲಿ ಗುಮಾಸ್ತ, ಕೂತು ಮಾಡುವ ಕೆಲಸ. ಚಹಾಕ್ಕೆ ಸಕ್ಕರೆ ಬಿಟ್ಟೆ, ಅದೊಂದೇ ನನ್ನ ತ್ಯಾಗ. ರೊಟ್ಟಿ ತಿಂದರೆ ಏನೂ ಆಗುವುದಿಲ್ಲ ಎಂದು ಯಾರೋ ಹೇಳಿದ್ದರು. ಹಾಗೆಂದು ನಾಲ್ಕು ರೊಟ್ಟಿ ತಿಂದೆ. ಮೇಲೆ ಅನ್ನ. ನಾನು ಸಣ್ಣವನಿದ್ದಾಗ ಅನ್ನವೆಂದರೆ ಹಬ್ಬ. ಜ್ವರ ಬಂದರೆ ಅನ್ನ ಸಿಗುತ್ತದೆಂದು ನಾವು ಹುಡುಗರು ಜ್ವರಕ್ಕಾಗಿ ಕಾಯುತ್ತಿದ್ದೆವು. ಆಮೇಲೆ ಹುಣಸಗಿ ಕಡೆಯ ಹೊಲಗಳಿಗೆ ಕಾಲುವೆ ನೀರು ಬಂತು, ಜೋಳದ ಹೊಲಗಳು ಗದ್ದೆಗಳಾದವು, ಅನ್ನ ದಿನದ ಊಟವಾಯಿತು. ಅಷ್ಟು ಆಸೆಯಿಂದ ಕಾದು ಪಡೆದದ್ದನ್ನು ಬಿಡು ಎಂದರೆ ಬಿಡುವುದು ಹೇಗೆ, ನೀವೇ ಹೇಳಿ.

ಒಂದು ಬೇಸಿಗೆಯಲ್ಲಿ ಚಪ್ಪಲಿಯೊಳಗಿನ ಮೊಳೆ ಹೆಬ್ಬೆರಳಿಗೆ ಒತ್ತಿತು. ನೋವಾಗಲಿಲ್ಲ. ನೋವಾಗದೇ ಇದ್ದದ್ದೇ ಅಪಾಯ ಎಂದು ನನಗೆ ತಿಳಿದಿರಲಿಲ್ಲ. ಬೆರಳು ಊದಿ ಕೀವು ಕಂಡಾಗ ಯಾದಗಿರಿಯ ಒಂದು ಖಾಸಗಿ ಆಸ್ಪತ್ರೆಗೆ ಹೋದೆ. ವೈದ್ಯರು ನೋಡಿ, ಕೆಲವು ದಿನ ಇಲ್ಲೇ ಇರಬೇಕು ಎಂದರು. ದಿನವೂ ಗಾಯ ತೊಳೆಯಬೇಕು, ಇನ್ಸುಲಿನ್ ಹಾಕಬೇಕು. ಸಕ್ಕರೆ ಇಳಿದರೆ ಗಾಯ ಮಾಯುತ್ತದೆ, ಇಳಿಯದಿದ್ದರೆ ಬೆರಳು ಉಳಿಯುವ ಭರವಸೆ ಕೊಡಲಾರೆ ಎಂದರು. ಅವರು ಅದನ್ನು ಬಹಳ ಮೆಲ್ಲಗೆ ಹೇಳಿದರು. ಜೋರಾಗಿ ಹೇಳಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ.

ನನ್ನ ಹೆಂಡತಿ ಗಿರಿಜಾ ಶಾಲೆಯ ಶಿಕ್ಷಕಿ, ಅವಳಿಗೆ ಆಗ ಪರೀಕ್ಷೆಯ ಕೆಲಸ. ಸಂಜೆಯ ಬಸ್ಸಿಗೆ ಬಂದು ಹೋಗಬಹುದಿತ್ತೇ ಹೊರತು ಹಗಲಿಡೀ ಇರುವಂತಿರಲಿಲ್ಲ. ನನ್ನ ಜೊತೆಗೆ ಯಾರಿರಬೇಕು ಎಂದು ನಾವು ಲೆಕ್ಕ ಹಾಕುತ್ತಿರುವಾಗಲೇ ಸುರಪುರದಿಂದ ನೀಲಮ್ಮನವರು ಒಂದು ಚೀಲದೊಂದಿಗೆ ಬಂದಿಳಿದರು. ನಾನು ಗಾಬರಿಯಾದೆ. ಬೆರಳಿನ ಚಿಂತೆಗಿಂತ, ಇವರೊಡನೆ ಒಂದೇ ಕೋಣೆಯಲ್ಲಿ ಹಗಲು ಕಳೆಯುವುದು ಹೇಗೆ ಎಂಬ ಚಿಂತೆ ದೊಡ್ಡದಾಯಿತು. ಚೀಲದಲ್ಲಿ ಹೋಳಿಗೆ ಇರಬಹುದೆಂಬ ಭಯವೂ ಇತ್ತು. ಭಯವೋ ಆಸೆಯೋ, ಈಗ ಸರಿಯಾಗಿ ಹೇಳಲಾರೆ.

ಹೋಳಿಗೆ ಇರಲಿಲ್ಲ. ಮೆಂತ್ಯೆಸೊಪ್ಪು, ಸೌತೆಕಾಯಿ, ಹೆಸರುಕಾಳು, ಶೇಂಗಾ ಚಟ್ನಿಯ ಡಬ್ಬಿ ಇದ್ದವು. ವೈದ್ಯರು ಊಟದ ವಿಷಯ ಹೇಳುವಾಗ ನೀಲಮ್ಮನವರು ಕಣ್ಣು ಪಿಳುಕಿಸದೆ ಕೇಳಿದರು. ತಾಟಿನ ಅರ್ಧ ಪಲ್ಯವೇ ಇರಲಿ, ಕಾಳು, ಮೊಸರು ಇರಲಿ, ರೊಟ್ಟಿ ಅರ್ಧ ಸಾಕು, ಅನ್ನ ಸದ್ಯಕ್ಕೆ ಬೇಡ, ಆದರೆ ಇನ್ಸುಲಿನ್ ಹಾಕಿದ ಮೇಲೆ ಊಟ ಮಾತ್ರ ತಡವಾಗಬಾರದು ಎಂದರು ವೈದ್ಯರು. ಆಸ್ಪತ್ರೆಯಿಂದ ಬರುವ ಊಟದಲ್ಲಿ ಅನ್ನ, ಸಾರೇ ಹೆಚ್ಚು. ಅದನ್ನು ಅವರು ಮರ್ಯಾದೆಯಿಂದಲೇ ಬೇಡವೆಂದರು. ಹಿಂದುಗಡೆ ರೋಗಿಗಳ ಕಡೆಯವರು ಬೇಯಿಸಿಕೊಳ್ಳಲು ಒಂದು ತಗಡಿನ ಶೆಡ್ಡು ಇತ್ತು. ಅಲ್ಲಿ ಸರದಿ ನಿಂತು ಪಲ್ಯ ಮಾಡಿ ತರುತ್ತಿದ್ದರು. ತಾಟನ್ನು ನನ್ನ ಮುಂದೆ ಇಟ್ಟು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ರೊಟ್ಟಿ ಮುಗಿದ ಮೇಲೂ ನಾನು ತಾಟು ಬಿಡದೆ ಕೂತಿರುತ್ತಿದ್ದೆ, ಇಪ್ಪತ್ತು ವರ್ಷದ ರೂಢಿ. ಇನ್ನೊಂದು ಹಾಕಿಸುವವರು ಈಗ ಮಾತೇ ಆಡುತ್ತಿರಲಿಲ್ಲ.

ನಮ್ಮಲ್ಲಿ ರೋಗಿಯನ್ನು ನೋಡಲು ಬರಿಗೈಯಲ್ಲಿ ಬರುವವರಿಲ್ಲ. ಬಾಳೆಹಣ್ಣು, ಬ್ರೆಡ್ಡು, ಬಿಸ್ಕೀಟು ಬಂದೇ ಬರುತ್ತವೆ. ಸಗರದಿಂದ ನನ್ನ ದೊಡ್ಡಪ್ಪ ಪೇಡೆ ತಂದರು. ನನ್ನ ಮುಂದೆಯೇ ಪೊಟ್ಟಣ ಬಿಚ್ಚಿ, ಒಂದು ತಿಂದರೆ ಏನಾಗುತ್ತದೆ, ತಿನ್ನದೆ ಮನುಷ್ಯ ಹೇಗೆ ಸುಧಾರಿಸುತ್ತಾನೆ ಎಂದು ಒತ್ತಾಯ ಮಾಡಿದರು. ನನ್ನ ಕೈ ಮುಂದೆ ಹೋದದ್ದು ನಿಜ. ನೀಲಮ್ಮನವರು ಎದ್ದು ಬಂದು, ತಲೆಯ ಸೆರಗು ಎಳೆದುಕೊಂಡು, ದೊಡ್ಡಪ್ಪನ ಕೈಯಿಂದ ಪೊಟ್ಟಣವನ್ನು ಎರಡೂ ಕೈಯಲ್ಲಿ ಪ್ರಸಾದದಂತೆ ಇಸಿದುಕೊಂಡರು.

“ನೀವು ತಂದಿದ್ದು ಪೇಡೆ ಅಲ್ರಿ, ಪ್ರೀತಿ. ಅದು ಮುಟ್ಟೇದ. ಪೇಡೆ ಮಂದಿಗೆ ಹಂಚ್ತೀನಿ.”

ಹಂಚಿಯೂ ಬಂದರು. ದೊಡ್ಡಪ್ಪ ಮೀಸೆ ಸವರಿಕೊಂಡರು. ನಾನು ಸೌತೆಕಾಯಿ ಕಡಿದೆ.

ಹೀಗೆ ಸಕ್ಕರೆ ಇಳಿಯತೊಡಗಿತು. ಗಾಯ ಕೆಂಪಾಗಿ ಸ್ವಚ್ಛವಾಗುತ್ತಿದೆ ಎಂದು ವೈದ್ಯರು ಹೇಳಿದರು. ಆ ಖುಷಿಯಲ್ಲೇ ಒಂದು ಮಧ್ಯಾಹ್ನ ಎಡವಟ್ಟಾಯಿತು. ಊಟಕ್ಕೆ ಮೊದಲು ನರ್ಸ್ ಇನ್ಸುಲಿನ್ ಹಾಕಿದ್ದಳು. ಅಷ್ಟರಲ್ಲಿ ಗಾಯ ತೊಳೆಯಲು ಕರೆ ಬಂತು. ನೀಲಮ್ಮನವರು ಹಿಂದಿನ ಶೆಡ್ಡಿನಲ್ಲಿದ್ದರು. ಬೇಗ ಮುಗಿಯುತ್ತದೆ ಎಂದುಕೊಂಡು ಹೋದೆ. ಅಲ್ಲಿ ನನಗಿಂತ ಮುಂಚೆ ಬಂದವರಿದ್ದರು. ತಿರುಗಿ ಮಂಚಕ್ಕೆ ಬರುವಷ್ಟರಲ್ಲಿ ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು, ಕೈ ನಡುಗುತ್ತಿತ್ತು. ಎದುರಿನ ಕಿಟಕಿ ಒಮ್ಮೆ ಹತ್ತಿರ, ಒಮ್ಮೆ ದೂರ ಕಾಣುತ್ತಿತ್ತು.

ನೀಲಮ್ಮನವರು ತಾಟು ಹಿಡಿದು ಬಂದವರು ನನ್ನ ಮುಖ ನೋಡಿದರು. ತಾಟು ಕೆಳಗಿಟ್ಟು ನರ್ಸನ್ನು ಕೂಗಿದರು. ಹೀಗಾದರೆ ಏನು ಮಾಡಬೇಕೆಂದು ನರ್ಸ್ ಮೊದಲ ದಿನವೇ ಇಬ್ಬರಿಗೂ ಹೇಳಿದ್ದಳು. ನನಗೆ ಆ ಹೊತ್ತಿಗೆ ಅದೊಂದೂ ನೆನಪಿರಲಿಲ್ಲ. ಪಕ್ಕದ ಮಂಚದವರು ಚಹಾಕ್ಕೆ ಇಟ್ಟುಕೊಂಡಿದ್ದ ಸಕ್ಕರೆಯನ್ನು ನೀಲಮ್ಮನವರು ನೀರಿಗೆ ಸುರಿದು, ಕದಡಿ, ನನ್ನ ತುಟಿಗೆ ಹಿಡಿದರು. ನಾನು ಬಾಯಿ ಮುಚ್ಚಿಕೊಂಡೆ. ಇಷ್ಟು ದಿನ ಕಟ್ಟುನಿಟ್ಟಾಗಿ ಇದ್ದು ಈಗ ಸಕ್ಕರೆ ಕುಡಿದರೆ ಬೆರಳು ಹೋಗುತ್ತದೆ ಎಂಬ ಒಂದೇ ವಿಚಾರ ಆ ಮಂಕು ತಲೆಯಲ್ಲಿ ಉಳಿದಿತ್ತು.

“ಬ್ಯಾಡ್ರಿ,” ಎಂದೆ. “ಸಕ್ಕರಿ ಬ್ಯಾಡ್ರಿ.”

ಆಗ ಅವರು ನನ್ನ ತಲೆಯನ್ನು ಎಡಗೈಯಲ್ಲಿ ಹಿಡಿದು ಎದೆಗೆ ಆನಿಸಿಕೊಂಡರು. ಸೆರಗು ಎಲ್ಲೋ ಜಾರಿತ್ತು.

“ಯಪ್ಪಾ, ಬಾಯಿ ತಗಿ. ಈಗ ಇದ ಔಷಧ. ನನ್ನ ಮಾತು ಕೇಳು, ಕುಡಿ.”

ಕುಡಿದೆ. ನರ್ಸ್ ಬಂದು ಬೆರಳು ಚುಚ್ಚಿ ನೋಡಿದಳು, ಸಕ್ಕರೆ ಬಹಳ ಕೆಳಗೆ ಹೋಗಿತ್ತು. ಕೊಟ್ಟದ್ದು ಒಳ್ಳೆಯದಾಯಿತು ಎಂದಳು. ಸ್ವಲ್ಪ ಹೊತ್ತಿಗೆ ಕಿಟಕಿ ತನ್ನ ಜಾಗಕ್ಕೆ ಬಂದು ನಿಂತಿತು. ಮತ್ತೆ ಚುಚ್ಚಿ ನೋಡಿ, ಇನ್ನು ಊಟ ಮಾಡಿಸಿ ಎಂದು ಹೋದಳು. ಆ ದಿನ ನೀಲಮ್ಮನವರು ಗೋಡೆಯ ಕಡೆ ತಿರುಗಲಿಲ್ಲ. ನಾನು ಉಣ್ಣುವುದನ್ನು ನೋಡುತ್ತ ಎದುರಿಗೇ ಕೂತರು. ಸೆರಗು ತಲೆಗೆ ಮರಳಿತ್ತು, ಮಾತಿಗೆ ‘ರಿ’ಯೂ ಮರಳಿತ್ತು.

ನನ್ನ ಮಾವನವರೂ ಸಕ್ಕರೆ ಕಾಯಿಲೆಯಿಂದಲೇ ಹೋದವರು. ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರಿಂದ ನಾನು ಫೋಟೋದಲ್ಲಿ ಮಾತ್ರ ನೋಡಿದ್ದೆ. ಅವರಿಗೆ ಬೆಲ್ಲ ಹಾಕಿದ ಗೋಧಿ ಹುಗ್ಗಿಯೆಂದರೆ ಪ್ರಾಣವಂತೆ. ಕಾಲು ಕಪ್ಪಾದ ಮೇಲೂ ಕೇಳುತ್ತಿದ್ದರಂತೆ. ಮನೆಯ ಯಜಮಾನ ಕೇಳಿದ್ದನ್ನು ಇಲ್ಲವೆನ್ನುವುದು ಹೇಗೆಂದು ಇವರು ಮಾಡಿಕೊಟ್ಟಿದ್ದರು. ಕಲಬುರಗಿಯಲ್ಲಿ ಕಾಲು ತೆಗೆದರು. ಅದಾದ ಮೇಲೆ ಅವರು ಬಹಳ ದಿನ ಬದುಕಲಿಲ್ಲ.

“ಇಲ್ಲ ಅನ್ನಾಕ ಆಗ ನನಗ ಬಾಯಿ ಬರಲಿಲ್ರಿ,” ಎಂದರು ನೀಲಮ್ಮನವರು. “ಕೊಟ್ರ ಪ್ರೀತಿ ಅಂತ ತಿಳಿದಿದ್ದೆ. ನಿಮಗೂ ಅದನ್ನ ಮಾಡಿದೆ. ಗಿರಿಜಾ ಫೋನ್ ಮಾಡಿ ಬೆರಳಿನ ಸುದ್ದಿ ಹೇಳಿದ ದಿನ ನನಗ ಒಂದು ತುತ್ತು ಇಳೀಲಿಲ್ಲ.”

ನಾನೇ ತಿಂದದ್ದು, ನೀವು ಬಾಯಿಗೆ ತುರುಕಿದ್ದಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. ಆಮೇಲೆ ಪಲ್ಯಕ್ಕೆ ಉಪ್ಪು ಸರಿಯಾಗಿದೆಯೇ ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಅಡುಗೆಯ ಬಗ್ಗೆ ಅವರು ನನ್ನನ್ನೇ ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು. ಸ್ವಲ್ಪ ಕಡಿಮೆ ಎಂದೆ. ನಕ್ಕರು.

ಬೆರಳು ಉಳಿಯಿತು. ಮನೆಗೆ ಬಂದು ಗಾಯ ಪೂರ್ತಿ ಮಾಯಲು ಬಹಳ ದಿನ ಹಿಡಿಯಿತು, ಆದರೆ ಮಾಯಿತು. ಮುಂದಿನ ಯುಗಾದಿಗೆ ಸುರಪುರಕ್ಕೆ ಹೋದಾಗ ಪಂಕ್ತಿಯಲ್ಲಿ ಎಲ್ಲರ ತಾಟಿಗೂ ಹೋಳಿಗೆ ಬಿತ್ತು. ನನ್ನ ತಾಟಿಗೆ ಅರ್ಧ ರೊಟ್ಟಿ, ಬದನೆಕಾಯಿ, ಒಂದು ಗುಡ್ಡೆ ಕೋಸಂಬರಿ. ಅಳಿಯನಿಗೆ ಹಬ್ಬದ ದಿನ ಇಂಥ ಊಟವೇ ಎಂದು ಬೀಗರೊಬ್ಬರು ಗೊಣಗಿದರು. ನನಗಾದರೋ ಆ ಪಂಕ್ತಿಯಲ್ಲೆಲ್ಲ ಹೆಚ್ಚು ಮರ್ಯಾದೆ ನನಗೇ ಸಿಕ್ಕಂತಿತ್ತು.

ಆದರೂ ಒಂದು ಕೊರತೆ ಉಳಿದಿತ್ತು. ಆ ಮಧ್ಯಾಹ್ನದ ‘ಯಪ್ಪಾ’ ಮತ್ತೆ ಕೇಳಿಸಲಿಲ್ಲ. ಈಗಲೂ ಅವರು ಫೋನಿನಲ್ಲಿ ಮಗಳನ್ನೇ ಕೇಳುತ್ತಾರೆ, ಅವರು ಏನು ಉಂಡರು ಎಂದು. ನನ್ನ ತಾಯಿ ತೀರಿಕೊಂಡು ಬಹಳ ವರ್ಷವಾಯಿತು. ನನ್ನನ್ನು ಏಕವಚನದಲ್ಲಿ ಕರೆಯುವವರು ಈಗ ಹೆಚ್ಚು ಉಳಿದಿಲ್ಲ.

ಇವತ್ತು ಗಿರಿಜಾ ಶಾಲೆಗೆ ಹೋದ ಮೇಲೆ ನಾನೇ ಸುರಪುರಕ್ಕೆ ಫೋನ್ ಹಚ್ಚಿದೆ. ನನ್ನ ದನಿ ಕೇಳಿ ಅವರು ಗಾಬರಿಯಾದರು. ಗಿರಿಜಾ ಎಲ್ಲಿ, ಕಾಲು ಹೇಗಿದೆ ಎಂದು ಒಂದೇ ಉಸಿರಿನಲ್ಲಿ ಕೇಳಿದರು. ಎಲ್ಲ ಚೆನ್ನಾಗಿದೆ ಎಂದೆ. ಮತ್ತೆ ಯಾಕೆ ಫೋನ್ ಮಾಡಿದಿರಿ ಎಂದರು.

“ಸುಮ್ನ ಮಾಡಿದೆ. ಅವ್ವಾ, ನೀ ಉಂಡಿ?”

ಅವರ ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸೀಟಿ ಹಾಕಿತು.

“ಇನ್ನಾ ಇಲ್ಲಪ್ಪ,” ಎಂದರು. “ನೀ ಏನ್ ಉಂಡಿ, ಮೊದಲ ಅದನ್ನ ಹೇಳು.”