ಚಣ್ಣವಿಲ್ಲದ ರಾಜ

ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದ ನನ್ನನ್ನು ಭಾಷಣಕ್ಕೆ ಕರೆಯುವವರೆಲ್ಲ ಕಿತ್ತೂರಿನ ರಾಣಿಯ ಬಗ್ಗೆಯೇ ಮಾತಾಡಿಸುತ್ತಾರೆ. ಹೋದ ವರ್ಷ ಬೈಲಹೊಂಗಲದಲ್ಲಿ ಹೊಸ ಪಂಚಾಯಿತಿ ಅಧ್ಯಕ್ಷೆಯರಿಗೆ ಒಂದು ದಿನದ ತರಬೇತಿ ಇತ್ತು. "ನಮ್ಮ ರಾಣಿ ಕತಿ ಎಲ್ಲಾರಿಗೂ ಬಾಯಿಪಾಠ ಐತ್ರಿ. ಹೊಸಾದೇನರ ಹೇಳ್ರಿ" ಎಂದರು ಸಂಘಟಕರು.

ಹೋಗಿ ನೋಡಿದರೆ ಮುಂದಿನ ಕುರ್ಚಿಗಳಲ್ಲಿ ಗಂಡಂದಿರು, ಹಿಂದೆ ಜಮಖಾನೆಯ ಮೇಲೆ ಅಧ್ಯಕ್ಷೆಯರು. ಬಿಳಿ ಅಂಗಿಯವರೊಬ್ಬರ ಹೆಂಡತಿ ಸವದತ್ತಿ ಕಡೆಯ ಹಳ್ಳಿಯೊಂದರ ಅಧ್ಯಕ್ಷೆ. ಯಾರಾದರೂ "ಅಧ್ಯಕ್ಷರ" ಎಂದು ಕೂಗಿದರೆ ತಿರುಗಿ ನೋಡುವವರು ಮಾತ್ರ ಬಿಳಿ ಅಂಗಿಯವರೇ.

ಆರುನೂರು ವರ್ಷಗಳ ಹಿಂದೆ ಡೆನ್ಮಾರ್ಕ್, ನಾರ್ವೆ, ಸ್ವೀಡನ್ನುಗಳನ್ನು ಒಂದು ಮಾಡಿದ ರಾಣಿಯ ಕತೆ ಶುರು ಮಾಡಿದೆ.

"ಆಕಿ ಗಂಡ ಏನ್ ಮಾಡತಿದ್ನರಿ?" ಎಂದರು ಬಿಳಿ ಅಂಗಿಯವರು.

"ನಾರ್ವೆಯ ರಾಜ ಇದ್ದ. ತೀರಿಕೊಂಡ."

ಅವರಿಗೆ ಕತೆಯ ಮೇಲಿನ ಆಸಕ್ತಿ ಅಲ್ಲಿಗೇ ಕುಗ್ಗಿತು. ಸಣ್ಣ ಮಗ ಹೆಸರಿಗೆ ರಾಜನಾದ, ಕೆಲಸವೆಲ್ಲ ತಾಯಿ ಮಾಡಿದಳು ಎಂದೆ. ಮಗನೂ ಸತ್ತ ಮೇಲೆ ಸರದಾರರು ಅವಳನ್ನೇ ಒಡತಿಯಾಗಿ ಒಪ್ಪಿಕೊಂಡರು. ಸ್ವೀಡನ್ನಿನ ರಾಜ ಮಾತ್ರ, ಗಂಡಸರ ಚಡ್ಡಿ ತೊಡದವಳು ಎಂಥ ರಾಜ ಎಂಬರ್ಥದಲ್ಲಿ, "ಚಣ್ಣವಿಲ್ಲದ ರಾಜ" ಎಂದು ಅವಳನ್ನು ಆಡಿಕೊಂಡ. ಅವಳು ಅವನನ್ನು ಯುದ್ಧದಲ್ಲಿ ಸೋಲಿಸಿ ಸೆರೆಗೆ ಹಾಕಿದಳು. ಅವನ ತಲೆಗೆ ಉದ್ದನೆಯ ಕೋಡಂಗಿ ಟೊಪ್ಪಿಗೆ ತೊಡಿಸಿದಳಂತೆ ಎಂದಾಗ ಜಮಖಾನೆಯವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಕುರ್ಚಿಗಳು ನಗಲಿಲ್ಲ.

ಊಟದ ಹೊತ್ತಿಗೆ ಗಂಡಂದಿರಿಗೆ ಸ್ಫೂರ್ತಿ ಬಂತು. "ಮೂರು ದೇಶ ಒಂದಾಗತಾವಂದ್ರ ಕಿತ್ತೂರು, ಸವದತ್ತಿ, ರಾಮದುರ್ಗ, ನಮ್ಮ ಮೂರು ತಾಲೂಕು ಯಾಕ ಆಗಬಾರದು?" ಎಂದು ಅಧ್ಯಕ್ಷೆಯರ ಪತಿಗಳ ಒಕ್ಕೂಟವನ್ನು ಅಲ್ಲೇ ಕಟ್ಟಿದರು. ಅದಕ್ಕೆ ಯಾರು ಅಧ್ಯಕ್ಷರು ಎಂಬ ಮಾತು ಬಂತು.

"ಹೊಳಿ ಮೊದಲ ನಮ್ಮ ಕಡೆ ಬರತೈತಿ" ಎಂದರು ಕಿತ್ತೂರು ಕಡೆಯವರು.

"ಬರಲಿ, ಡ್ಯಾಮು ನಮ್ಮಲ್ಲೆ ಐತಿ" ಎಂದರು ಬಿಳಿ ಅಂಗಿಯವರು.

ಹೊಳೆಯ ನೀರು ಕೊನೆಗೆ ಸಿಗುವ ರಾಮದುರ್ಗದವರು ತಟ್ಟೆ ಬಿಟ್ಟು ಎದ್ದರು. ಮಜ್ಜಿಗೆ ಬರುವಷ್ಟರಲ್ಲಿ ಒಕ್ಕೂಟ ಮೂರಾಗಿತ್ತು.

ಕೈ ತೊಳೆಯುವಲ್ಲಿ ಬಿಳಿ ಅಂಗಿಯವರ ಹೆಂಡತಿ ಪಕ್ಕಕ್ಕೆ ಬಂದಳು. "ಅಕ್ಕಾರ, ಮಂಗಳವಾರ ನಮ್ಮ ಜೋಡಿ ಎಲ್ಲಮ್ಮನ ಗುಡ್ಡಕ್ಕ ಬರ್ರಿ. ಗುಡ್ಡಕ್ಕ ಹೊಂಟೇವಿ ಅಂದ್ರ ಮನ್ಯಾಗ ಯಾರೂ ಯಾಕ ಅನ್ನಂಗಿಲ್ಲ."

ಹೋದೆ. ದರ್ಶನ ಮುಗಿಸಿ ಗುಡ್ಡದ ಕೆಳಗಿನ ಉಗರಗೋಳದ ಚಹಾದಂಗಡಿಯಲ್ಲಿ ಕೂತೆವು. ಅವಳ ಜೊತೆ ಕಿತ್ತೂರು ಕಡೆಯ ಒಬ್ಬಳು, ರಾಮದುರ್ಗದ ಕಡೆಯ ಒಬ್ಬಳು ಅಧ್ಯಕ್ಷೆ ಇದ್ದರು. ತಂತಮ್ಮ ಪಂಚಾಯಿತಿಯ ಮುಂದಿನ ಸಭೆಗೆ ಗಂಡಂದಿರನ್ನು ಕಳಿಸದೆ ತಾವೇ ಹೋಗಬೇಕೆಂದು ಮೂವರೂ ಮಾತಾಡಿಕೊಂಡರು.

"ಅವರೂ ಬೆನ್ನತ್ತಿ ಬಂದ್ರ?" ಎಂದಳು ಕಿತ್ತೂರಿನವಳು.

"ಚಾ ಕುಡಿಸಿ ಕಳಸೂದು" ಎಂದಳು ಬಿಳಿ ಅಂಗಿಯವರ ಹೆಂಡತಿ.

ರಾಮದುರ್ಗದವಳಿಗೆ ಹೋಗಲಾಗಲಿಲ್ಲ, ಸಭೆಯ ದಿನವೇ ಅವಳ ಗಂಡ ಬೀಗರನ್ನೆಲ್ಲ ಊಟಕ್ಕೆ ಕರೆದಿದ್ದ. ಕಿತ್ತೂರಿನವಳು ಹೋಗಿ ಸುಮ್ಮನೆ ಕೂತು ಬಂದಳಂತೆ. ಬಿಳಿ ಅಂಗಿಯವರು ಹೆಂಡತಿಯನ್ನು ಬೈಕಿನಲ್ಲಿ ತಂದು ಬಿಟ್ಟು, ಒಳಗೆ ಕರೆಯುತ್ತಾರೆಂದು ಬೇವಿನ ಗಿಡದ ಕೆಳಗೆ ಕಾದರಂತೆ. ಯಾರೂ ಕರೆಯಲಿಲ್ಲ.

ಸಂಜೆ ಅವರ ಹೆಂಡತಿ ಫೋನು ಮಾಡಿದಳು. "ಅಕ್ಕಾರ, ಬೀದಿ ದೀಪದ ಬಗ್ಗೆ ಮಾತಾಡಿದ್ನಿರಿ. ಕಾಲು ಗಡಗಡ ನಡುಗಾಕತ್ತಿದ್ದುವು. ಅದಕ್ಕ ಕುಂತೇ ಮಾತಾಡಿದೆ."