ಮೋತ್ಯಾನ ಮೇಲಿನ ಅರ್ಜಿ

ಇವತ್ತು ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲಾಚೆ ನನ್ನ ಎಡಗಾಲಿನ ಚಪ್ಪಲಿ ಮಾತ್ರ ಇತ್ತು. ಬಲಗಾಲಿನದು ಮೂರನೆಯ ಮಹಡಿಯವರ ನಾಯಿಯ ಪಾಲಾಗಿದೆ ಎಂದು ತಿಳಿಯಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. “ಗ್ರೂಪಿಗೆ ಹಾಕಿ, ಎಲ್ಲರೂ ನೋಡಲಿ,” ಎಂದಳು ಹೆಂಡತಿ. ನಿಂತ ಕಾಲಲ್ಲೇ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಖಾರವಾಗಿ ಬರೆದೆ. ಕಳಿಸುವ ಮುನ್ನ ಹಳೆಯ ಅಭ್ಯಾಸದಂತೆ ಗಟ್ಟಿಯಾಗಿ ಓದಿಕೊಂಡೆ. ಓದುತ್ತಿದ್ದಂತೆ ಶರಣಮ್ಮ ನೆನಪಾದಳು.

ಹೈದರಾಬಾದಿನ ಬೇಗಂಪೇಟೆಯಲ್ಲಿ, ಹಳೆಯ ವಿಮಾನ ನಿಲ್ದಾಣದ ಹಿಂದೆ ನಾವು ಬಾಡಿಗೆಗಿದ್ದ ಕಾಲ ಅದು. ನಾನು ತುಮಕೂರಿನವನು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಅಂದರೆ, ಸೀನು ಬಂದರೂ ಮೂರು ಪ್ರತಿ ಬರೆದುಕೊಡುವವರ ಪೈಕಿ. ಪಕ್ಕದ ಸೈಟಿನಲ್ಲಿ ನಾಲ್ಕು ಮಹಡಿಯ ಕಟ್ಟಡ ಏಳುತ್ತಿತ್ತು. ಅದರ ಕೆಳಗಿನ ಒಂದು ಕೋಣೆಯಲ್ಲಿ ಶರಣಮ್ಮ, ಆಕೆಯ ಹದಿನಾರು ವರ್ಷದ ಮಗಳು ಮತ್ತು ಮೋತ್ಯಾ ಎಂಬ ಕಂದು ನಾಯಿ. ಕಟ್ಟಡ ಕಾಯುವುದು, ಹೊಸ ಗೋಡೆಗಳಿಗೆ ನೀರು ಹೊಡೆಯುವುದು ಆಕೆಯ ಕೆಲಸ. ಗಂಡ ಬೇರೆ ಕಡೆ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬಂದುಹೋಗುತ್ತಿದ್ದ.

ಮೋತ್ಯಾನನ್ನು ಕಟ್ಟಿದ್ದು ನಾನು ಕಂಡಿರಲಿಲ್ಲ. ಓಣಿಯೆಲ್ಲ ಅದರದೇ. ನನಗೋ ನಾಯಿಯೆಂದರೆ ಜೀವಭಯ. ಬೆಳಿಗ್ಗೆ ಕಾರ್ಖಾನೆಯ ಬಸ್ಸಿಗೆ ಹೊರಟರೆ ಅದು ಹಿಂದೆಯೇ ಬರುತ್ತಿತ್ತು. ನಾನು ನಿಂತರೆ ನಿಲ್ಲುತ್ತಿತ್ತು. ಓಡಿದರೆ ಅದಕ್ಕೆ ಇನ್ನಷ್ಟು ಖುಷಿ.

ಸಂಜೆಯಾದರೆ ನಮ್ಮ ಓಣಿಯಲ್ಲಿ ಬೇರೆಲ್ಲೂ ಕಾಣದ ಪದ್ಧತಿಯೊಂದು ನಡೆಯುತ್ತಿತ್ತು. ಶರಣಮ್ಮ ಸಿಮೆಂಟ್ ಹೊರುವ ಪುಟ್ಟಿಯಲ್ಲಿ, ಮೋತ್ಯಾ ಕಚ್ಚಿಕೊಂಡು ತಂದ ಒಂಟಿ ಚಪ್ಪಲಿಗಳನ್ನು ಹಾಕಿಕೊಂಡು ಪ್ರತಿ ಗೇಟಿನ ಮುಂದೂ ನಿಂತು, “ಆಜ್ ಕ್ಯಾ ಕರಾ ಹಮಾರಾ ಮೋತ್ಯಾ?” ಎಂದು ನಾಯಿಯ ಆ ದಿನದ ಕಿತಾಪತಿ ವಿಚಾರಿಸುತ್ತಿದ್ದಳು. ಬೈದರೆ ಪೂರ್ತಿ ಕೇಳಿಸಿಕೊಳ್ಳುವಳು. ನಾಯಿ ಕಸ ಕೆದರಿದ್ದರೆ ಗುಡಿಸಿಕೊಡುವಳು. ನಾನು ನನ್ನ ತುಮಕೂರು ಹಿಂದಿಯಲ್ಲಿ “ಕುತ್ತಾ ಬಾಂಧೋ!” ಎಂದು ನಾಯಿ ಕಟ್ಟಲು ಹೇಳಿದರೆ, ಆಕೆ ತನ್ನ ಹಿಂದಿಯಲ್ಲಿ “ಬಾಂಧ್ನೇಕು ನೈ ಹೋತಾ ಸಾಬ್”, ಕಟ್ಟಲಾಗದು, ಎನ್ನುವಳು. ಹೀಗೆ ಆರು ತಿಂಗಳು ಇಬ್ಬರೂ ನೆಟ್ಟಗೆ ಬಾರದ ಭಾಷೆಯಲ್ಲಿ ವಾದಿಸಿದೆವು. ಹೈದರಾಬಾದಿನ ಕನ್ನಡದವರು ನಾವು ಹೀಗೇ. ಗೇಟು ದಾಟಿದೊಡನೆ, ಎದುರಿಗಿರುವವರೂ ಕನ್ನಡದವರಿರಬಹುದು ಎಂಬ ಯೋಚನೆಯೇ ನಮಗೆ ಬರುವುದಿಲ್ಲ.

ಒಂದು ದಿನ ಮೋತ್ಯಾನನ್ನು ಕಂಡು ಹೆದರಿ ಓಡಿದ ಎದುರುಮನೆಯ ಮಗು ಬಿದ್ದು ಮಂಡಿ ತರಚಿಕೊಂಡಿತು. ನಾನು ತಡಮಾಡಲಿಲ್ಲ. ಈ ನಾಯಿಯನ್ನು ವ್ಯಾನಿನಲ್ಲಿ ಹಿಡಿದೊಯ್ಯಬೇಕೆಂದು ನಗರಪಾಲಿಕೆಗೆ ಅರ್ಜಿ ಬರೆದೆ. ಮೊದಲು ಕನ್ನಡದಲ್ಲಿ ಕರಡು, ಆಮೇಲೆ ಇಂಗ್ಲಿಷು. ಸಿಟ್ಟು ಬರುವುದು ಕನ್ನಡದಲ್ಲೇ ಅಲ್ಲವೇ? ವರಾಂಡದಲ್ಲಿ ಕೂತು ಹೆಂಡತಿಗೆ ಓದಿ ಹೇಳಿದೆ: “ಸದರಿ ನಾಯಿಯು ನಮ್ಮ ಮನೆಯ ಎರಡು ಚಪ್ಪಲಿಗಳನ್ನು ಅಪಹರಿಸಿದ್ದು, ಹಲವರನ್ನು ಕಚ್ಚಿದ್ದು, ಮಾಲೀಕಳು ತೀರಾ ಬೇಜವಾಬ್ದಾರಿಯವಳಾಗಿದ್ದು...”

“ಎರಡಲ್ರೀ ಸಾಹೇಬ್ರ, ಮೂರು.”

ಗೇಟಿನ ಬಳಿ ಪುಟ್ಟಿ ಹಿಡಿದು ಶರಣಮ್ಮ ನಿಂತಿದ್ದಳು. ನಾನು ನಾಚಿಕೆಯಿಂದ ಕುಗ್ಗಿಹೋದೆ. “ನೀವು... ಕನ್ನಡದವರಾ?”

“ಲಿಂಗಸೂಗೂರು ಕಡೆಯವ್ರರೀ. ಕೂಸು ಬಿದ್ದದ್ದು ಬರದೀರೇನು? ಅದನ್ನ ಬರೀರಿ, ಅದು ಖರೇನ ಐತಿ. ಕಚ್ಚೈತಿ ಅಂತ ಮಾತ್ರ ಬರೀಬ್ಯಾಡ್ರಿ. ಯಾರಿಗೂ ಕಚ್ಚಿಲ್ರಿ ಅದು.”

ನಿಜ, ಕಚ್ಚಿರಲಿಲ್ಲ. ಅರ್ಜಿಗೆ ತೂಕ ಬರಲೆಂದು ಸೇರಿಸಿದ್ದೆ.

“ಕಟ್ಟಿ ಹಾಕೋಕಾಗಲ್ವೇನಮ್ಮಾ?” ಎಂದಳು ನನ್ನ ಹೆಂಡತಿ.

“ಹೆಂಗ ಕಟ್ಟಲ್ರಿ ಅಕ್ಕಾರ? ನಮ್ಮ ಖೋಲಿಗೆ ಇನ್ನಾ ಬಾಗಲಾ ಕುಂದರ್ಸಿಲ್ಲ. ನಾಕೂ ಕಡೆ ತೆರದೈತಿ, ಯಾರ್ ಬೇಕಾದ್ರೂ ಬರ್ತಾರ. ನಾ ಮ್ಯಾಲ ನೀರ ಹೊಡಿಯಾಕ ಹೋದ್ರ ಕೆಳಗ ಮಗಳೊಬ್ಬಾಕಿ. ಬೆಳದ ಹುಡುಗಿ. ಮೋತ್ಯಾನ ನಮಗ ಬಾಗಲಾ.”

ಅವಳ ದನಿಯಲ್ಲಿ ಯಾಚನೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮೂರನೆಯ ಚಪ್ಪಲಿಯನ್ನು ಮೆಟ್ಟಿಲ ಮೇಲಿಟ್ಟು ಮುಂದಿನ ಮನೆಗೆ ಹೋದಳು. ಅರ್ಜಿಯನ್ನು ನಾನು ಹರಿದು ಹಾಕಿದೆ. ಆದರೆ ಶರಣಮ್ಮ ಅಷ್ಟಕ್ಕೇ ಬಿಡಲಿಲ್ಲ. ಯಾವ ಮನೆಯ ಮಕ್ಕಳು ಎಷ್ಟು ಹೊತ್ತಿಗೆ ಶಾಲೆಗೆ ಹೊರಡುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಮನೆಮನೆಗೂ ಹೋಗಿ ಕೇಳಿಕೊಂಡು ಬಂದಳು. ಆ ಹೊತ್ತಿನಲ್ಲಿ ಮೋತ್ಯಾನನ್ನು ಕಂಬಕ್ಕೆ ಕಟ್ಟಿ, ಬಾಗಿಲಿಲ್ಲದ ಬಾಗಿಲಲ್ಲಿ ತಾನೇ ಕೂರುತ್ತಿದ್ದಳು. ತಪ್ಪಿದ ಕೆಲಸವನ್ನು ಉರಿಬಿಸಿಲಿನಲ್ಲಿ ಮಾಡಿ ಮುಗಿಸುತ್ತಿದ್ದಳು. ಇಷ್ಟು ವರ್ಷ ಕಡತಗಳ ನಡುವೆ ಕೂತವನು ನಾನು. ತನ್ನ ಮೇಲಿನ ದೂರನ್ನು ತಾನೇ ತಿದ್ದಿಕೊಟ್ಟ ಇನ್ನೊಬ್ಬರನ್ನು ಕಂಡಿಲ್ಲ. ಅವಳೆಂದರೆ ನನಗೆ ಇವತ್ತಿಗೂ ಗೌರವ.

ಮಳೆಗಾಲ ಮುಗಿಯುವ ಹೊತ್ತಿಗೆ ಕಟ್ಟಡಕ್ಕೆ ಬಾಗಿಲುಗಳು ಬಂದವು. ಹೇಳಿಹೋಗಲು ಗೇಟಿಗೆ ಬಂದಳು.

“ಬಾಗಲಾ ಕುಂದರ್ಸಿದ್ರಿ. ನಮ್ ಕೆಲಸ ಮುಗೀತು. ಶಂಶಾಬಾದ್ ಕಡೆ ಹೊಸಾದು ಏಳಾಕತ್ತೈತಿ, ಅಲ್ಲಿಗೆ ಹೊಂಟೀವಿ,” ಎಂದು ನಕ್ಕಳು. ನನಗೆ ನಗಲಾಗಲಿಲ್ಲ. ಬಾಗಿಲು ಬಂದ ಮೇಲೆ ಆ ಮನೆಯಲ್ಲಿ ಅವಳು ಒಂದು ದಿನವೂ ಮಲಗಲಿಲ್ಲವಲ್ಲ!

ಇವತ್ತು ಗುಂಪಿಗೆಂದು ಫೋನಿನಲ್ಲಿ ಬರೆದದ್ದನ್ನು ಇನ್ನೊಮ್ಮೆ ಓದಿದೆ. “ದಿನವೂ” ಎಂದಿತ್ತು, ಆದದ್ದು ಎರಡೇ ಸಲ. “ಅಪಾಯಕಾರಿ” ಎಂದಿತ್ತು, ಪಾಪ, ಮೂರನೆಯ ಮಹಡಿಯ ಆ ನಾಯಿ ನನ್ನನ್ನು ಕಂಡರೆ ಬಾಲ ಆಡಿಸುತ್ತದೆ. ಅದರ ಮನೆಯವರ ಹೆಸರು ಕೂಡ ನನಗೆ ಗೊತ್ತಿಲ್ಲ. ಬರಿಗಾಲಿನಲ್ಲೇ ಮೆಟ್ಟಿಲು ಹತ್ತಿ ಅವರ ಮನೆಯ ಬೆಲ್ ಒತ್ತಿದೆ. ಹಿರಿಯರೊಬ್ಬರು ಬಾಗಿಲು ತೆರೆದರು.

“ನಿಮ್ಮ ನಾಯಿಯ ಮೇಲೆ ಒಂದು ದೂರು ಬರೆದಿದ್ದೇನೆ,” ಎಂದೆ. “ಓದುತ್ತೇನೆ, ತಪ್ಪಿದ್ದರೆ ಹೇಳಿ.”