ಈ ಎದೆಬಡಿತ ಯಾರದು?

ಕಳೆದ ಸೋಮವಾರ ಬೆಳಿಗ್ಗೆ ಕಲಘಟಗಿಯ ಆಸ್ಪತ್ರೆಯೊಂದಕ್ಕೆ ಉಪ್ಪಿಟ್ಟಿನ ಡಬ್ಬಿ ಹಿಡಿದು ಹೋದೆ. ನಮ್ಮ ಕಾಕಾ ಮಂಚದ ಮೇಲೆ ಅಂಗೈಯಲ್ಲಿ ಲಿಂಗ ಹಿಡಿದು, ಅದನ್ನೇ ದಿಟ್ಟಿಸುತ್ತ ಕುಳಿತಿದ್ದ. ನನ್ನ ಹಿಂದೆಯೇ ನರ್ಸ್ ಓಡಿ ಬಂದಳು.

“ಅಜ್ಜಾರ, ಎದಿ ಭಾಳ ಹೊಡ್ಕೊಳ್ಳಾಕತ್ತೈತೇನ್ರಿ?”

ಕಾಕಾ ಮಾತಾಡಲಿಲ್ಲ. (ಪೂಜೆಯ ನಡುವೆ ಮನೆಗೆ ಬೆಂಕಿ ಬಿದ್ದರೂ ಮಾತಾಡುವವನಲ್ಲ.) ಗಾಬರಿಯಾದ ನರ್ಸ್ ಅವನ ಇನ್ನೊಂದು ಕೈಯ ನಾಡಿ ಹಿಡಿದಳು. ಅದು ನೆಟ್ಟಗೇ ಇತ್ತು!

ಕಾಕಾನಿಗೆ ನ್ಯುಮೋನಿಯಾ. ಎದೆಗೊಂದು ಬಿಲ್ಲೆ ಅಂಟಿಸಿದ್ದರು. ವೈರ್ ಇಲ್ಲ, ಆದರೂ ಬಡಿತ, ಉಸಿರು ಎಲ್ಲ ಗೋಡೆಯಾಚೆಯ ಸ್ಕ್ರೀನಿನಲ್ಲಿ ಕಾಣುತ್ತದಂತೆ. ಸ್ಕ್ರೀನ್ ಕೆಟ್ಟಿತ್ತೇ? ಕಾಕಾ ಕೆಟ್ಟಿದ್ದನೇ? ನನಗೆ ತಲೆಬುಡ ತಿಳಿಯಲಿಲ್ಲ. ನರ್ಸ್ ಅವನ ಎದೆ ನೋಡಿದಳು. ಬಿಲ್ಲೆಯೇ ಇಲ್ಲ!

ಮೂಲೆಯಲ್ಲಿದ್ದ ಚಿಗವ್ವ, ಎಂದರೆ ಕಾಕಾನ ಹೆಂಡತಿ, ಸೆರಗು ಬಿಗಿ ಮಾಡಿಕೊಂಡಳು.

“ಜಳಕಾ, ಲಿಂಗಪೂಜಿ ಆಗೂಮಟ ಇವರು ಅದನ್ನ ಮೈಮ್ಯಾಲ ಇಟ್ಕೊಳ್ಳಂಗಿಲ್ರಿ. ಪೂಜಿ ಆಗದ ಗುಳಿಗಿನೂ ನುಂಗಂಗಿಲ್ಲ. ನಿನ್ನಿ ತಗದಿಟ್ರ ನೀವು ಬೈದ್ರಿ, ಅದು ಖಾಲಿ ಇರಬಾರದಂದ್ರಿ. ಅದಕ್ಕ ನಾ ಹಚ್ಚಿಗೊಂಡೆ.”

ನನಗೆ ನಗು ಬಂತು. ಅಷ್ಟರಲ್ಲಿ ಒಳಗೆ ಬಂದಿದ್ದ ಡಾಕ್ಟರಿಗೆ ಬರಲಿಲ್ಲ.

“ಹಂಗಾದ್ರ ಆ ಬಡಿತ ನಿಮ್ದರೀ, ಅಮ್ಮಾರ?”

ಇಸಿಜಿ ಮಾಡಿದರು. ಚಿಗವ್ವನ ಹೃದಯ ತಾಳ ತಪ್ಪಿ ಬಡಿಯುತ್ತಿತ್ತು. ಇವತ್ತೇ ಅಡ್ಮಿಟ್ ಆಗಬೇಕು, ತಡ ಮಾಡಿದರೆ ಜೀವಕ್ಕೇ ಅಪಾಯ ಎಂದರು.

“ನೀರಿನ ಕೊಡಾ ಎತ್ತಿದ್ರ ಹಿಂಗಾಗತೈತ್ರಿ, ಹೊಸಾದೇನಲ್ಲ. ನಾ ಮಕ್ಕೊಂಡ್ರ ಇವರನ್ನ ಯಾರ್ ನೋಡ್ಬೇಕು?” ಎಂದು ಚಿಗವ್ವ ಹಟ ಹಿಡಿದಳು.

ಈಗ ಯಾರಿಗೆ ಏನು ಹೇಳುವುದು? ಆಸ್ಪತ್ರೆಯ ಸಾಮಾನಿನ ಜೊತೆ ಆಟವಾಡಿದ್ದಕ್ಕೆ ಬೈಯಬೇಕೇ? ಆಡಿದ್ದರಿಂದಲೇ ಬದುಕಿದಳಲ್ಲ! ಹಾಗಂತ ಶಭಾಷ್ ಅನ್ನೋಣವೇ? ಅಷ್ಟು ಹೊತ್ತು ಕಾಕಾನಿಗೇ ಏನಾದರೂ ಆಗಿದ್ದರೆ?

ಪೂಜೆ ಮುಗಿಸಿದ ಕಾಕಾ ಮಂಚ ಬಿಟ್ಟು ಕೆಳಗಿಳಿದ. ಚಿಗವ್ವನ ರಟ್ಟೆ ಹಿಡಿದು ಅಲ್ಲಿ ಕೂರಿಸಿದ.

“ಸುಮ್ನ ಮಕ್ಕೋ. ನನ್ನ ನಾ ನೋಡ್ಕೋತೀನಿ.” ಆಮೇಲೆ ನನ್ನತ್ತ ತಿರುಗಿ, ಸಣ್ಣ ದನಿಯಲ್ಲಿ, “ಇಷ್ಟ್ ವರ್ಷ ಬಾಜೂಕ ಅದಾಳ. ನನಗ ಗೊತ್ತ ಆಗಲಿಲ್ಲ ನೋಡಪಾ” ಎಂದ.

ಸಂಜೆ ಹೊತ್ತಿಗೆ ಪಕ್ಕಪಕ್ಕದ ಎರಡು ಮಂಚ, ಎರಡು ಬಿಲ್ಲೆ. ನನ್ನ ಗೊಂದಲ ಮಾತ್ರ ಇನ್ನೂ ಇಳಿದಿಲ್ಲ.

ಗೋಡೆಯಾಚೆಯ ಸ್ಕ್ರೀನಿಗೆ ಒಂದೇ ಬೆಳಿಗ್ಗೆ ಕೇಳಿಸಿದ್ದು, ಒಂದೇ ಸೂರಿನಡಿ ಇರುವ ನಮಗೇಕೆ ಕೇಳಿಸುವುದಿಲ್ಲ?